ಮೀನಿನ ಹೊಟ್ಟೆಯೊಳಗಿನ ಸೀಸ

ಮೀನು ಹಿಡಿಯುವ ಸ್ಪರ್ಧೆಯಲ್ಲಿ ಆಟ ನಡೆಯುವುದು ಒಂದು ಕಡೆ, ತೀರ್ಪು ಬರುವುದು ಇನ್ನೊಂದು ಕಡೆ. ಕಬಡ್ಡಿಯಲ್ಲಿ ಗೆರೆ ಮುಟ್ಟಿದ್ದನ್ನು ಅಂಪೈರ್ ನೋಡುತ್ತಾನೆ, ಸುತ್ತ ನಿಂತ ಊರೂ ನೋಡುತ್ತದೆ. ಕುಸ್ತಿಯ ಅಖಾಡದಲ್ಲಿ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎನ್ನುವುದಕ್ಕೆ ನೂರು ಸಾಕ್ಷಿಗಳಿರುತ್ತವೆ. ಗಾಳದ ಸ್ಪರ್ಧೆಯಲ್ಲಿ ಹಾಗಲ್ಲ. ಸ್ಪರ್ಧಿ ಬೆಳಿಗ್ಗೆ ದೋಣಿ ಹತ್ತಿ ಹೋಗುತ್ತಾನೆ, ಇಲ್ಲವೇ ದಡದ ಜೊಂಡಿನ ಮರೆಯಲ್ಲಿ ಕೂರುತ್ತಾನೆ. ಸಂಜೆ ಮೀನು ತಂದು ತಕ್ಕಡಿಯ ಮೇಲಿಡುತ್ತಾನೆ. ನಡುವಿನ ಅಷ್ಟೂ ಹೊತ್ತು ಏನು ನಡೆಯಿತೆಂದು ಹೇಳಬಲ್ಲವನು ಅವನೊಬ್ಬನೇ, ಬಹುಮಾನ ಬೇಕಾಗಿರುವುದೂ ಅವನಿಗೇ. ಹೀಗಿರುವಾಗ ಮೋಸವನ್ನು ಒಬ್ಬಿಬ್ಬರ ದುರಾಸೆ ಎಂದು ತಳ್ಳಿಹಾಕಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ತೂಕದ ಮೇಲೆ ದೊಡ್ಡ ಹಣವಿಟ್ಟು ಸ್ಪರ್ಧಿಯ ಮಾತೊಂದನ್ನೇ ಕಾವಲಿಗೆ ಬಿಡುವ ಸ್ಪರ್ಧೆ ಮೋಸಕ್ಕೆ ತಾನೇ ದಾರಿ ಮಾಡಿಕೊಡುತ್ತದೆ. ಅದನ್ನು ತಡೆಯುವ ಹೊಣೆ ಗಾಳ ಹಿಡಿದವನಿಗಿಂತ ಮೊದಲು ಸ್ಪರ್ಧೆ ಏರ್ಪಡಿಸುವವರದು ಎಂಬುದು ಈ ಲೇಖನದ ವಾದ.

ಇದಕ್ಕೆ ಜಗತ್ತಿಗೆಲ್ಲ ತಿಳಿದ ಉದಾಹರಣೆ ಅಮೆರಿಕದ ಓಹಾಯೊ ರಾಜ್ಯದ್ದು. 2022ರ ಸೆಪ್ಟೆಂಬರ್ 30ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ, ಈರಿ ಸರೋವರದ ದಡದಲ್ಲಿ ವಾಲೈ ಎಂಬ ಮೀನಿನ ಸ್ಪರ್ಧೆಯ ಕೊನೆಯ ಸುತ್ತು ನಡೆಯಿತು. ಪ್ರತಿ ಜೋಡಿ ಐದು ಮೀನು ತರಬೇಕು, ಒಟ್ಟು ತೂಕ ಹೆಚ್ಚಿದ್ದವರಿಗೆ ಗೆಲುವು. ಮೊದಲ ಬಹುಮಾನ ಸುಮಾರು 29,000 ಡಾಲರ್, ಆಗಿನ ದರದಲ್ಲಿ 23 ಲಕ್ಷ ರೂಪಾಯಿಗೂ ಮಿಕ್ಕಿದ ಹಣ. ಒಂದು ಜೋಡಿ ತಂದ ಐದು ಮೀನುಗಳ ಗಾತ್ರ ನೋಡಿದರೆ ಒಂದೊಂದು ನಾಲ್ಕು ಪೌಂಡಿನ ಆಸುಪಾಸು ಇರಬೇಕಿತ್ತು, ಅಂದರೆ ಒಟ್ಟು 20 ಪೌಂಡು. ತಕ್ಕಡಿ ತೋರಿಸಿದ್ದು ಹೆಚ್ಚುಕಡಿಮೆ 34 ಪೌಂಡು. ಸ್ಪರ್ಧೆಯ ನಿರ್ದೇಶಕ ಮೀನನ್ನು ಕೈಯಿಂದ ಒತ್ತಿ ನೋಡಿದಾಗ ಒಳಗೆ ಗಟ್ಟಿಯಾಗಿ ಏನೋ ತಾಗಿತು. ಎಲ್ಲರೆದುರು ಚಾಕು ಹಾಕಿದರೆ ಸೀಸದ ಗುಂಡುಗಳು ಉರುಳಿಬಿದ್ದವು. ಹತ್ತು ಗುಂಡುಗಳ ಒಟ್ಟು ತೂಕ ಮೂರು ಕಿಲೋಗೂ ಹೆಚ್ಚು. ಜೊತೆಗೆ ಬೇರೆ ಮೀನಿನಿಂದ ಕೊಯ್ದು ತೆಗೆದ ಮಾಂಸದ ತುಂಡುಗಳನ್ನೂ ತುರುಕಿದ್ದರು. ಇಬ್ಬರೂ 2023ರ ಮಾರ್ಚ್‌ನಲ್ಲಿ ತಪ್ಪೊಪ್ಪಿಕೊಂಡರು. ಹತ್ತು ದಿನ ಜೈಲು ಮತ್ತು ದಂಡ ವಿಧಿಸಿದ ನ್ಯಾಯಾಲಯ ಅವರ ಮೀನುಗಾರಿಕೆ ಪರವಾನಗಿಯನ್ನು ಮೂರು ವರ್ಷ ಅಮಾನತಿನಲ್ಲಿಟ್ಟಿತು. ಬೆಲೆಬಾಳುವ ದೋಣಿಯನ್ನೂ ಕಳೆದುಕೊಂಡರು. ಆ ದಿನದ ವಿಡಿಯೊದಲ್ಲಿ ಮೋಸಗಾರರಿಗಿಂತ ಸುತ್ತ ನಿಂತವರ ಮುಖಗಳನ್ನು ಗಮನಿಸಬೇಕು. ಅವರ ಕೂಗಿನಲ್ಲಿ ಆ ಒಂದು ದಿನದ ಸಿಟ್ಟಷ್ಟೇ ಇರಲಿಲ್ಲ. ಇದೇ ಜೋಡಿ ಅದಕ್ಕೂ ಮೊದಲು ಹಲವು ಸ್ಪರ್ಧೆ ಗೆದ್ದಿತ್ತು, ಅವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಇನ್ನು ಯಾರೂ ಖಚಿತವಾಗಿ ಹೇಳಲಾರರು. ಪ್ರಾಮಾಣಿಕವಾಗಿ ಎರಡನೆಯ ಸ್ಥಾನಕ್ಕೆ ಬಂದವನಿಗೆ ತಾನು ನಿಜಕ್ಕೂ ಸೋತೆನೋ ಇಲ್ಲವೋ ಎಂಬುದೇ ತಿಳಿಯದ ಹಾಗಾಯಿತು.

ಸೀಸ ತುರುಕುವುದು ಮೋಸಗಳಲ್ಲೆಲ್ಲ ಒರಟಾದದ್ದು. ಇಂಗ್ಲಿಷ್ ಕಡಲ್ಗಾಲುವೆಯ ಗರ್ನ್ಸಿ ದ್ವೀಪದಲ್ಲಿ 2012ರಲ್ಲಿ ಒಬ್ಬ ಸಾರ್ವಜನಿಕ ಮತ್ಸ್ಯಾಲಯದ ತೊಟ್ಟಿಯಿಂದ ದೊಡ್ಡ ಮೀನೊಂದನ್ನು ಕದ್ದು ತಂದು, ಸಮುದ್ರದಲ್ಲಿ ಹಿಡಿದೆನೆಂದು ಹೇಳಿ ಬಹುಮಾನ ಗೆದ್ದ. ಫೋಟೊದಲ್ಲಿ ಮೀನಿನ ಮೈಮೇಲಿನ ಗುರುತು ನೋಡಿದ ಮತ್ಸ್ಯಾಲಯದವರು ಇದು ನಮ್ಮದೇ ಮೀನೆಂದು ಹಿಡಿದುಕೊಟ್ಟರು. ಇದಕ್ಕಿಂತ ಸೂಕ್ಷ್ಮವಾದ ಮೋಸವೆಂದರೆ ಹೊತ್ತಿನದು. ಅಮೆರಿಕದ ಮೇರಿಲ್ಯಾಂಡಿನಲ್ಲಿ ವರ್ಷವರ್ಷ ನಡೆಯುವ ಬಿಳಿ ಮಾರ್ಲಿನ್ ಸ್ಪರ್ಧೆಯಲ್ಲಿ 2016ರಲ್ಲಿ 28 ಲಕ್ಷ ಡಾಲರ್ ಬಹುಮಾನದ ಮೀನು ಸಿಕ್ಕಿತು. ಮೀನು ಅಸಲಿ, ತೂಕವೂ ಅಸಲಿ. ಆದರೆ ಬೆಳಿಗ್ಗೆ ಎಂಟೂವರೆಗೆ ಮೊದಲು ಯಾರೂ ನೀರಿಗೆ ಗಾಳ ಇಳಿಸಬಾರದೆಂಬ ನಿಯಮವನ್ನು ಆ ದೋಣಿಯವರು ಮುರಿದಿದ್ದರೆಂಬ ಸಂಶಯ ಹುಟ್ಟಿತು. ಸುಳ್ಳುಪತ್ತೆ ಯಂತ್ರದ ಪರೀಕ್ಷೆಯಲ್ಲಿ ಅವರು ಪಾಸಾಗಲಿಲ್ಲ. ಕೇಸು ಫೆಡರಲ್ ನ್ಯಾಯಾಲಯಕ್ಕೆ ಹೋಗಿ, ಬಹುಮಾನ ಉಳಿದವರಿಗೆ ಸಲ್ಲಬೇಕೆಂದು ತೀರ್ಪಾಯಿತು. ಯಾರೋ ಹಿಡಿದ ಮೀನನ್ನು ತನ್ನದೆನ್ನುವುದು, ಹಿಂದಿನ ದಿನವೇ ಹಿಡಿದು ಪಂಜರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿಟ್ಟು ಸ್ಪರ್ಧೆಯ ದಿನ ಎತ್ತುವುದು, ಬೇರೆ ಕೆರೆಯ ಮೀನನ್ನು ತಂದಿಡುವುದು, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ತಕ್ಕಡಿ ಇವುಗಳಲ್ಲಿ ಒಂದನ್ನೂ ಕಂಡುಹಿಡಿಯಲಾರದು. ಅದಕ್ಕೆ ಗೊತ್ತಿರುವುದು ಭಾರ ಮಾತ್ರ.

ಇದು ಆಟ ತಾನೇ, ಹೊಟ್ಟೆಪಾಡಿಗೆ ಎಷ್ಟೋ ದೊಡ್ಡ ಅನ್ಯಾಯಗಳು ನಡೆಯುವ ಲೋಕದಲ್ಲಿ ಮೀನಿನ ಸ್ಪರ್ಧೆಯ ಮೋಸಕ್ಕೆ ಇಷ್ಟು ಮಾತೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಇಂಥ ಸ್ಪರ್ಧೆಗಳ ಬಹುಮಾನದ ಹಣ ಹೆಚ್ಚಾಗಿ ಸ್ಪರ್ಧಿಗಳೇ ಕಟ್ಟಿದ ಪ್ರವೇಶ ಶುಲ್ಕದಿಂದ ಕೂಡಿದ್ದು. ಮೋಸದಿಂದ ಗೆದ್ದವನು ಯಾವುದೋ ದೊಡ್ಡ ಕಂಪನಿಯ ಹಣ ಹೊಡೆಯುವುದಿಲ್ಲ, ಪಕ್ಕದಲ್ಲಿ ಬಿಸಿಲಿಗೆ ಕೂತ ಗಾಳದವನ ಜೇಬಿಗೇ ಕೈ ಹಾಕುತ್ತಾನೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ನದಿ ಕೆರೆಗಳಲ್ಲಿ ಯಾವ ಮೀನು ಎಷ್ಟಿದೆ, ಎಷ್ಟು ದೊಡ್ಡದಿದೆ ಎಂಬುದರ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ಬಹಳಷ್ಟು ಬಂದದ್ದು ಹಿಡಿದವರು ಹೇಳಿದ್ದರಿಂದ. ಅವರ ಮಾತು ಸುಳ್ಳಾದರೆ ನೀರಿನ ಬಗ್ಗೆ ನಮಗಿರುವ ಅರಿವೂ ಸುಳ್ಳಾಗುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಕಾವೇರಿಯಲ್ಲೇ ಇದೆ.

ಕಾವೇರಿಯ ಮಹಶೀರ್ ಮೀನು ಗಾಳದವರ ಲೋಕದಲ್ಲಿ ಹೆಸರಾಂತದ್ದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇಂದಿಗೂ ದಾಖಲೆಯಾಗಿ ನೆನಪಿನಲ್ಲಿದೆ. ಮುಂದೆ ಡೈನಮೈಟ್ ಹಾಕಿ ಮೀನು ಕೊಲ್ಲುವುದು ಹೆಚ್ಚಿ ಈ ಮೀನು ಕಡಿಮೆಯಾಗುತ್ತ ಬಂದಾಗ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳಾದವು. ಅಲ್ಲಿ ಹಿಡಿದ ಮೀನನ್ನು ಕೊಲ್ಲದೆ ನೀರಿಗೆ ಬಿಡಲೇಬೇಕಿತ್ತು. ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ಹಾಕುತ್ತಿದ್ದರು. ಸ್ಥಳೀಯರೇ ಮಾರ್ಗದರ್ಶಿಗಳಾಗಿ ಜೊತೆಗಿರುತ್ತಿದ್ದರು, ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರು. ಮೀನು ಸಿಕ್ಕಾಗ ತೂಕ, ಅಳತೆ, ಹೊತ್ತು ಎಲ್ಲವನ್ನೂ ಬರೆದಿಡುವ ರೂಢಿಯಿತ್ತು. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಹೀಗೆ ಬರೆದಿಟ್ಟ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಮುಂದೆ ವಿಜ್ಞಾನಿಗಳು ಬಿಡಿಸಿ ನೋಡಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಅಳಿಯುತ್ತಿತ್ತು. 2018ರಲ್ಲಿ ಗೂನುಬೆನ್ನಿನ ಮೀನನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಲಾಯಿತು. ಒಂದು ಮೀನು ಕಣ್ಮರೆಯಾಗುತ್ತಿದೆ ಎಂದು ಜಗತ್ತಿಗೆ ತಿಳಿದದ್ದರಲ್ಲಿ ಗಾಳದವರು ಬರೆದಿಟ್ಟ ಆ ಲೆಕ್ಕದ ಪಾಲು ದೊಡ್ಡದು. ಆ ಲೆಕ್ಕವನ್ನು ನಂಬಲು ಸಾಧ್ಯವಾದದ್ದು ಏಕೆಂದು ಯೋಚಿಸಬೇಕು. ಅಲ್ಲಿ ತೂಕಕ್ಕೆ ಲಕ್ಷಗಟ್ಟಲೆ ಬಹುಮಾನವಿರಲಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಸಾಕ್ಷಿಯಿದ್ದ, ಮೀನು ವಾಪಸ್ ನೀರಿಗೆ ಹೋಗುತ್ತಿತ್ತು. ಸುಳ್ಳು ಬರೆದು ಪಡೆಯುವಂಥದ್ದು ಏನೂ ಇರಲಿಲ್ಲ.

ಹಾಗೆಂದು ಬಹುಮಾನವಿಲ್ಲದ ಕಡೆ ಸುಳ್ಳೇ ಇರುವುದಿಲ್ಲ ಎಂದಲ್ಲ. ಮೀನಿನ ಗಾತ್ರ ಹಿಗ್ಗಿಸಿ ಹೇಳುವ ಚಪಲ ಗಾಳದಷ್ಟೇ ಹಳೆಯದು. ತಕ್ಕಡಿಗೆ ನೇತುಹಾಕದೆ ಮೀನಿನ ತೂಕ ಅಂದಾಜು ಮಾಡಲು ಒಂದು ಸೂತ್ರ ಬಳಕೆಯಲ್ಲಿದೆ. ಇಂಚಿನಲ್ಲಿ ಉದ್ದವನ್ನು ಸುತ್ತಳತೆಯ ವರ್ಗದಿಂದ ಗುಣಿಸಿ 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. 40 ಇಂಚು ಉದ್ದ, 20 ಇಂಚು ಸುತ್ತಳತೆಯ ಮೀನು 20 ಪೌಂಡು ತೂಗುತ್ತದೆ. ಟೇಪನ್ನು ಸಡಿಲ ಹಿಡಿದು ಸುತ್ತಳತೆಯನ್ನು 22 ಇಂಚು ಎಂದು ಬರೆದರೆ ಅದೇ ಮೀನು 24 ಪೌಂಡು ದಾಟುತ್ತದೆ. ಎರಡಿಂಚಿನ ಸುಳ್ಳು ತೂಕದಲ್ಲಿ ಐದನೆಯ ಒಂದು ಭಾಗದಷ್ಟಾಗಿ ಬೆಳೆಯುತ್ತದೆ. ಹರಟೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆ ಎರಡಿಂಚಿಗೆ ಲಕ್ಷ ರೂಪಾಯಿ ಕಟ್ಟಿದ ದಿನ ಅದೇ ಸುಳ್ಳು ಕಳವಾಗುತ್ತದೆ.

ಮೋಸ ಯಾವಾಗಲೂ ಸ್ಪರ್ಧಿಯ ಕಡೆಯಿಂದಲೇ ಬರಬೇಕೆಂದಿಲ್ಲ. ಮಲೆನಾಡಿನ ಸೊರಬ, ಸಾಗರ, ಸಿದ್ದಾಪುರ ಕಡೆಗಳ ಕೆರೆಬೇಟೆಯನ್ನು ನೋಡಿ. ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಊರಿನ ಸಮಿತಿ ದಿನ ಗೊತ್ತುಮಾಡುತ್ತದೆ. ಒಂದು ಕುಣಿಗೆ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿಗೆ, ಇಷ್ಟೆಂದು ಹಣ ಕಟ್ಟಿದವರು ಅದನ್ನು ಹಿಡಿದು ದಡದಲ್ಲಿ ನಿಲ್ಲುತ್ತಾರೆ, ಸೂಚನೆ ಸಿಕ್ಕೊಡನೆ ಸಾವಿರಾರು ಜನ ಒಟ್ಟಿಗೆ ಕೆಸರಿಗೆ ಇಳಿಯುತ್ತಾರೆ. ಕುಣಿಯನ್ನು ನೀರಿಗೆ ಒತ್ತಿ, ಮೇಲಿನ ಬಾಯಿಂದ ಕೈಹಾಕಿ, ಸಿಕ್ಕಿಬಿದ್ದ ಮೀನನ್ನು ಎತ್ತುವುದು. ಬಂದ ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. ಇಲ್ಲಿ ಮೊದಲನೆಯವ ಎರಡನೆಯವ ಎಂಬುದಿಲ್ಲ, ಹಿಡಿದದ್ದು ಹಿಡಿದವನಿಗೆ. ಎಲ್ಲರೂ ಎಲ್ಲರ ಕಣ್ಣೆದುರೇ ಇರುವುದರಿಂದ ಒಬ್ಬ ಸ್ಪರ್ಧಿ ಇನ್ನೊಬ್ಬನಿಗೆ ಮೋಸ ಮಾಡುವುದು ಕಷ್ಟ. ಆದರೆ ಕೆರೆಯಲ್ಲಿ ಮೀನೇ ಇಲ್ಲದಿದ್ದರೆ? ಸಿದ್ದಾಪುರ ತಾಲ್ಲೂಕಿನಲ್ಲಿ ನಡೆದ ಕೆರೆಬೇಟೆಯೊಂದರಲ್ಲಿ ಮೀನು ಸಿಗದೆ ಜನ ರೊಚ್ಚಿಗೆದ್ದು, ಕಟ್ಟಿದ ಹಣ ವಾಪಸ್ ಕೇಳಿ, ಗಲಾಟೆ ಪೊಲೀಸರವರೆಗೂ ಹೋಯಿತು. ಇಂಥ ಕಡೆ ಹಿಂದಿನ ರಾತ್ರಿಯೇ ಬಲೆ ಬಿಟ್ಟು ಮೀನು ಎತ್ತಿದರೆಂಬ ಗುಮಾನಿ ಹುಟ್ಟುವುದು ಸಹಜ, ಅದು ನಿಜವೋ ಸುಳ್ಳೋ ತೋರಿಸಲು ಯಾರ ಬಳಿಯೂ ಏನೂ ಇರುವುದಿಲ್ಲ. ಬೇಟೆಗೆ ಮುಂಚಿನ ವಾರವೆಲ್ಲ ಕೆರೆಗೆ ಬೇರೆಬೇರೆ ಕೇರಿಗಳವರ ಕಾವಲಿಟ್ಟು, ಎಷ್ಟು ಕುಣಿಗೆ ಹಣ ಬಂತು ಎಂಬುದನ್ನು ಬೋರ್ಡಿನ ಮೇಲೆ ಬರೆದಿದ್ದರೆ ಪ್ರಾಮಾಣಿಕ ಸಮಿತಿಗೂ ಅದೇ ರಕ್ಷಣೆಯಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗೆ ನಮ್ಮ ರಾಜ್ಯದ ಪ್ರಕರಣಗಳಲ್ಲೇ ಬಂದ ಎರಡು ತೀರ್ಪುಗಳಿವೆ, ಎರಡೂ ಮೀನಿಗೆ ಸಂಬಂಧಿಸಿದ್ದಲ್ಲ, ಆದರೆ ಎರಡೂ ಇಲ್ಲಿಗೆ ಬೇಕು. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಪಂದ್ಯ ಹೊಂದಾಣಿಕೆ ಪ್ರಕರಣದಲ್ಲಿ 2022ರ ಜನವರಿಯಲ್ಲಿ ಹೈಕೋರ್ಟ್, ಅದು ಅಪ್ರಾಮಾಣಿಕತೆಯಿರಬಹುದು, ಆದರೆ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ ಎಂದಿತು. ವಂಚನೆ ಎನ್ನಬೇಕಾದರೆ ಸುಳ್ಳಿನಿಂದ ನಂಬಿಸಿ ಹಣವನ್ನೋ ಸ್ವತ್ತನ್ನೋ ಕೊಡುವಂತೆ ಮಾಡಿರಬೇಕು, ಟಿಕೆಟ್ ಕೊಂಡವರು ತಾವಾಗಿಯೇ ಕೊಂಡವರು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂಬುದು ಅದರ ತರ್ಕ. ಇದನ್ನೋದಿ ಮೀನಿನ ಸ್ಪರ್ಧೆಯಲ್ಲೂ ಕಾನೂನು ಕೈಕಟ್ಟಿ ಕೂರುತ್ತದೆಂದು ತೀರ್ಮಾನಿಸುವುದು ಅವಸರ. ಸೀಸ ತುಂಬಿದ ಮೀನನ್ನು ತಕ್ಕಡಿಗಿಟ್ಟವನು ಬಹುಮಾನದ ಹಣವನ್ನು ತನ್ನ ಕೈಗಿಡುವಂತೆ ಆಯೋಜಕರನ್ನೇ ನೇರವಾಗಿ ನಂಬಿಸುತ್ತಾನೆ, ಅಲ್ಲಿ ಸುಳ್ಳಿಗೂ ಹಣಕ್ಕೂ ನಡುವೆ ಇನ್ನಾರೂ ಇಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಹೇಳುವ ವಂಚನೆಗೆ ಇದು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಟೆಕ್ಸಾಸ್‌ನಲ್ಲಂತೂ ಮೀನಿನ ಸ್ಪರ್ಧೆಯ ಮೋಸಕ್ಕೆಂದೇ ಪ್ರತ್ಯೇಕ ಕಾನೂನಿದೆ, ಬಹುಮಾನ 10,000 ಡಾಲರ್ ಮುಟ್ಟಿದರೆ ಅದು ಗಂಭೀರ ಅಪರಾಧ. ಎರಡನೆಯ ತೀರ್ಪು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ್ದು. ಆರೋಪಿಯ ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ಹೇಳಿತು. ಅಮೆರಿಕದ ದೊಡ್ಡ ಸ್ಪರ್ಧೆಗಳು ಪ್ರವೇಶ ಪತ್ರದಲ್ಲೇ ಈ ಪರೀಕ್ಷೆಗೆ ಒಪ್ಪಿಗೆ ಬರೆಸಿಕೊಳ್ಳುತ್ತವೆ. ನಮಗೆ ಆ ದಾರಿ ಬೇಡ. ಆ ಯಂತ್ರ ಅಳೆಯುವುದು ಎದೆಬಡಿತ, ಉಸಿರು, ಬೆವರು. ಹೆದರಿದ ಪ್ರಾಮಾಣಿಕನಿಗೂ ಎದೆ ಹೊಡೆದುಕೊಳ್ಳುತ್ತದೆ.

ಮೋಸ ನಡೆದ ಮೇಲೆ ಮನುಷ್ಯನ ಎದೆಯೊಳಗೆ ಹುಡುಕುವುದಕ್ಕಿಂತ ನೀರಿನ ಮೇಲೆಯೇ ಸಾಕ್ಷಿ ಇರುವಂತೆ ನೋಡಿಕೊಳ್ಳುವುದು ಮೇಲು. ಅದಕ್ಕೆ ಉಪಾಯಗಳು ಆಗಲೇ ಇವೆ, ಖರ್ಚೂ ಹೆಚ್ಚಿಲ್ಲ. ಚೀಟಿ ಎತ್ತಿ ಪರಸ್ಪರ ಪರಿಚಯವಿಲ್ಲದ ಇಬ್ಬರು ಸ್ಪರ್ಧಿಗಳನ್ನು ಒಂದೇ ದೋಣಿಗೆ ಹಾಕಿದರೆ ಒಬ್ಬನಿಗೆ ಇನ್ನೊಬ್ಬ ಕಾವಲು. ಕೆಲವು ವೃತ್ತಿಪರ ಪಂದ್ಯಗಳಲ್ಲಿ ಪ್ರತಿ ದೋಣಿಯಲ್ಲೂ ಒಬ್ಬ ತೀರ್ಪುಗಾರ ಕೂತು, ಮೀನು ಸಿಕ್ಕ ಕೂಡಲೇ ತೂಗಿ ಬರೆದುಕೊಂಡು ನೀರಿಗೆ ಬಿಡಿಸುತ್ತಾನೆ. ಸಣ್ಣ ದೋಣಿಯ ಸ್ಪರ್ಧೆಗಳಲ್ಲಿ ಅಳತೆಪಟ್ಟಿಯ ಮೇಲೆ ಮೀನನ್ನು ಮಲಗಿಸಿ, ಆ ದಿನ ಬೆಳಿಗ್ಗೆಯಷ್ಟೇ ಕೊಟ್ಟ ಗುರುತಿನ ಚೀಟಿಯನ್ನು ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಚೀಟಿ ಅಂದಿನದೇ ಆದ್ದರಿಂದ ಹಳೆಯ ಫೋಟೊ ನಡೆಯುವುದಿಲ್ಲ. ಹೀಗೆ ಅನುಮಾನ ಪಟ್ಟರೆ ಆಟದ ಸ್ನೇಹ ಕೆಡುತ್ತದೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಕರಾವಳಿಯ ಕಂಬಳವನ್ನು ನೆನೆಯೋಣ. ಓಟದ ಕೊನೆಯಲ್ಲಿ ಕೋಣಗಳ ಯಾವ ಜೋಡಿ ಮೊದಲು ಮುಟ್ಟಿತೆಂದು ಕಣ್ಣಂದಾಜಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ ಜಗಳಕ್ಕೆ ಕೊನೆಯಿರಲಿಲ್ಲ, ಈಗ ಲೇಸರ್ ಕಿರಣ ಹೇಳುತ್ತದೆ. ಕಂಬಳದ ಸೊಗಸು ಅದರಿಂದ ಕುಗ್ಗಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿರುವಾಗ ಅದು ಯಾರೊಬ್ಬರ ಮೇಲಿನ ಗುಮಾನಿಯೂ ಆಗುವುದಿಲ್ಲ.

ಹೆಚ್ಚು ಗಂಭೀರವಾದ ಆಕ್ಷೇಪ ಮೀನಿನ ಕಡೆಯಿಂದ ಬರುತ್ತದೆ. ಬಾಯಿಗೆ ಗಾಳ ಚುಚ್ಚಿ, ಎಳೆದಾಡಿ, ಫೋಟೊ ತೆಗೆದು ನೀರಿಗೆ ಬಿಡುವುದು ಎಂಥ ದಯೆ ಎಂದು ಕೇಳುವವರಿದ್ದಾರೆ. ಕಾವೇರಿ ವನ್ಯಜೀವಿಧಾಮದೊಳಗೆ ಗಾಳದ ಆಟ 2010ರ ದಶಕದ ಆರಂಭದಲ್ಲಿ ನಿಂತೂ ಹೋಯಿತು. ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಬಿಟ್ಟ ಮೀನುಗಳೆಲ್ಲ ಬದುಕುವುದಿಲ್ಲ, ಬಿಸಿಲಿನಲ್ಲಿ ಬಹಳ ಹೊತ್ತು ನೀರಿನಿಂದ ಹೊರಗಿಟ್ಟರೆ, ದವಡೆಗೆ ಕೈಹಾಕಿ ನೇತಾಡಿಸಿದರೆ ಸಾಯಬಹುದು. ಆದ್ದರಿಂದ ಅಳಿವಿನಂಚಿನ ಮೀನಿರುವ ನೀರಿನಲ್ಲಿ ಸ್ಪರ್ಧೆಯೇ ಕೂಡದು ಎನ್ನುವುದು ನ್ಯಾಯ. ಉಳಿದ ಕಡೆ ಮುಳ್ಳಿಲ್ಲದ ಗಾಳ, ಒದ್ದೆ ಕೈ, ಕ್ಷಣಗಳಲ್ಲಿ ಮುಗಿಯುವ ಅಳತೆ ಇರಬೇಕು. ಮೋಸಕ್ಕೂ ಇದಕ್ಕೂ ಸಂಬಂಧವಿದೆ. ತೂಕ ಕದಿಯಲು ಮೀನಿನ ಗಂಟಲಿಗೆ ಸೀಸ ತುರುಕುವವನಿಗೆ ಮೀನು ಒಂದು ಚೀಲ ಮಾತ್ರ. ಎದುರಾಳಿಯ ಬಗ್ಗೆ ಇರಬೇಕಾದ ಗೌರವವೂ ಹಿಡಿದ ಜೀವದ ಬಗ್ಗೆ ಇರಬೇಕಾದ ಕನಿಕರವೂ ಅಲ್ಲಿ ಒಟ್ಟಿಗೇ ಸತ್ತಿರುತ್ತವೆ.

ಈಗ ನಮ್ಮ ಬಯಲುಸೀಮೆಗೆ ಬರೋಣ. ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಿತು, 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತು. ಬಾಗೂರು, ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ಜನ ಬತ್ತಿದ ಜಲಾಶಯವನ್ನು ವರ್ಷಗಟ್ಟಲೆ ನೋಡಿ ಆಮೇಲೆ ತುಂಬಿದ್ದನ್ನೂ ನೋಡಿದ್ದಾರೆ. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಗಾಳ, ಗಾಳವಿದ್ದಲ್ಲಿ ಪೈಪೋಟಿ ಬರುವುದು ಸಹಜ. ಹಬ್ಬಕ್ಕೋ ಪ್ರವಾಸೋದ್ಯಮಕ್ಕೋ ನಾಳೆ ಯಾರಾದರೂ ಇಲ್ಲಿ ಮೀನು ಹಿಡಿಯುವ ಸ್ಪರ್ಧೆ ಘೋಷಿಸಿದರೆ ಅದರಲ್ಲಿ ತಪ್ಪೇನಿಲ್ಲ. ಇಲ್ಲಿಯವರು ಕಾಟ್ಲಾ, ರೋಹು ಹಿಡಿಯುವುದು ತಿನ್ನಲು, ಹಿಡಿದು ಬಿಡಿ ಎಂದರೆ ಒಪ್ಪುವುದು ಕಷ್ಟ, ಒಪ್ಪಬೇಕಾಗಿಯೂ ಇಲ್ಲ. ಹೇಗೂ ಕೊಯ್ದು ಸಾರು ಮಾಡುವ ಮೀನಾದ್ದರಿಂದ ಬಹುಮಾನದ ಮೀನನ್ನು ತಕ್ಕಡಿಯ ಪಕ್ಕದಲ್ಲೇ, ಎಲ್ಲರೆದುರು ಕೊಯ್ಯಿಸಿದರೆ ಕ್ಲೀವ್‌ಲ್ಯಾಂಡಿನ ಮೋಸ ಇಲ್ಲಿ ಸಾಧ್ಯವೇ ಆಗದು. ಕೆರೆಯ ಮೀನಿನ ಗುತ್ತಿಗೆ ಹಿಡಿದ ಮೀನುಗಾರರ ಸಂಘವಿದ್ದರೆ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಮರಿ ಬಿಟ್ಟು ಬೆಳೆಸಿದವರು ಅವರು, ಅವರನ್ನು ಕೇಳದೆ ಸ್ಪರ್ಧೆ ನಡೆಸುವುದು ಗಾಳ ಇಳಿಸುವ ಮೊದಲೇ ಮಾಡಿದ ಮೋಸ.

ಸಮಿತಿಗಳವರಿಗೆ, ಪಂಚಾಯಿತಿ ಸದಸ್ಯರಿಗೆ ಒಂದು ಮನವಿ. ಪೋಸ್ಟರಿನಲ್ಲಿ ಬಹುಮಾನದ ಮೊತ್ತ ಅಚ್ಚು ಹಾಕಿಸುವ ಮೊದಲು ನಿಯಮಗಳನ್ನು ಬರೆದು ಮುಗಿಸಿ. ಗಾಳ ಇಳಿಸುವ ಹೊತ್ತು, ಎತ್ತುವ ಹೊತ್ತು, ಯಾರ ಜೊತೆ ಯಾರು ಕೂರಬೇಕು, ಮೀನನ್ನು ಯಾರು ಕೊಯ್ಯುತ್ತಾರೆ, ದೂರು ಬಂದರೆ ಯಾರು ಕೇಳುತ್ತಾರೆ ಎಂಬುದೆಲ್ಲ ಸ್ಪರ್ಧಿ ಹಣ ಕಟ್ಟುವ ಮೊದಲೇ ಅವನ ಕೈಯಲ್ಲಿರಲಿ. ಒಂದೇ ದೊಡ್ಡ ಬಹುಮಾನದ ಬದಲು ಹತ್ತು ಸಣ್ಣ ಬಹುಮಾನಗಳನ್ನಿಡಿ. ಸಿಕ್ಕ ಮೀನುಗಳ ಜಾತಿ, ಉದ್ದ, ತೂಕವನ್ನು ಬರೆದು ಮೀನುಗಾರಿಕೆ ಇಲಾಖೆಗೆ ಒಂದು ಪ್ರತಿ ಕೊಡಿ.